ದೂರಶಿಕ್ಷಣದ ಒಂಟಿತನ: ಡೊಂಬಿವಲಿ, ಕಲ್ಯಾಣ್, ವಾಶಿಯಲ್ಲಿ ಒಬ್ಬರೇ ಕೂತು ಓದುವವರಿಗೆ ಏನು ದಾರಿ?

ರೆಗ್ಯುಲರ್ ಕಾಲೇಜಿನ ವಿದ್ಯಾರ್ಥಿ ಒಂದು ವಾರ ತರಗತಿಗೆ ಬರದಿದ್ದರೆ ಯಾರಾದರೂ ಫೋನ್ ಮಾಡಿ ವಿಚಾರಿಸುತ್ತಾರೆ. ದೂರಶಿಕ್ಷಣದಲ್ಲಿ ಓದುವವರು ಮೂರು ತಿಂಗಳು ಪುಸ್ತಕ ಮುಟ್ಟದಿದ್ದರೂ ಕೇಳುವವರಿಲ್ಲ. ಅಸೈನ್‌ಮೆಂಟ್ ಕೊಡುವ ಕೊನೆಯ ದಿನ ದಾಟುತ್ತದೆ, ಪರೀಕ್ಷಾ ಶುಲ್ಕ ಕಟ್ಟುವುದು ತಪ್ಪುತ್ತದೆ, ಮುಂದಿನ ವರ್ಷದ ಮರುನೋಂದಣಿಯೂ ಕೈತಪ್ಪುತ್ತದೆ. ಎಷ್ಟೋ ಬಾರಿ ಓದು ನಿಂತುಹೋಗಿದೆ ಎಂಬುದು ಮನೆಯವರಿಗೂ ತಡವಾಗಿ ಗೊತ್ತಾಗುತ್ತದೆ. ಇಂಥವರಲ್ಲಿ ಹೆಚ್ಚಿನವರು ಬುದ್ಧಿ ಸಾಲದೆ ಓದು ಬಿಟ್ಟವರಲ್ಲ, ಜೊತೆ ಇಲ್ಲದೆ ಬಿಟ್ಟವರು.

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಭಾಗದ ಕನ್ನಡ ಮನೆಗಳಲ್ಲಿ ಹೀಗೆ ಓದುವವರು ಅಪರೂಪವಲ್ಲ. ಬೆಳಗ್ಗೆ ಲೋಕಲ್ ಹಿಡಿದು ರಾತ್ರಿ ಮರಳುವ ನೌಕರರು, ಹೋಟೆಲ್ ಕೌಂಟರಿನಲ್ಲಿ ನಿಲ್ಲುವ ಹುಡುಗರು, ಮದುವೆಯಾಗಿ ಊರಿನಿಂದ ಇಲ್ಲಿಗೆ ಬಂದು ಅರ್ಧಕ್ಕೆ ನಿಂತ ಡಿಗ್ರಿ ಮುಗಿಸಲು ಹೊರಟ ಹೆಣ್ಣುಮಕ್ಕಳು. ಇವರಿಗೆ ಕಾಲೇಜು ಎಂದರೆ ಮನೆಗೆ ಬರುವ ಪುಸ್ತಕದ ಕಟ್ಟು, ಇಲ್ಲವೇ ಮೊಬೈಲಿನಲ್ಲಿರುವ ಪಿಡಿಎಫ್. ಈ ಓದಿನ ಒಂಟಿತನ ಎಲ್ಲಿಂದ ಬರುತ್ತದೆ, ಅದನ್ನು ಕಡಿಮೆ ಮಾಡಿಕೊಳ್ಳಲು ಈ ಭಾಗದಲ್ಲಿ ಏನೇನಿದೆ ಎಂಬ ಮಾಹಿತಿ ಇಲ್ಲಿದೆ.

ಇಷ್ಟೊಂದು ಜನರ ನಡುವೆ ಒಂಟಿತನವೇ?

ಬೆಳಗಿನ ಹೊತ್ತು ಡೊಂಬಿವಲಿ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒನ್ ರೂಮ್ ಕಿಚನ್ ಮನೆಯಲ್ಲಿ ಐದು ಜನ ಇರುತ್ತಾರೆ. ಹಾಗಿರುವಾಗ ಒಂಟಿತನದ ಮಾತೇಕೆ ಎಂದು ಮನೆಯ ಹಿರಿಯರು ಕೇಳಬಹುದು. ಪ್ರಶ್ನೆ ತಪ್ಪಲ್ಲ. ಆದರೆ ಒಂಟಿತನಕ್ಕೂ ಒಬ್ಬರೇ ಇರುವುದಕ್ಕೂ ವ್ಯತ್ಯಾಸವಿದೆ.

ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ವೈಸ್ 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂಟಿತನವನ್ನು ಎರಡಾಗಿ ಬಿಡಿಸಿ ನೋಡಿದರು. ಆಪ್ತರಾದವರು ಒಬ್ಬರೂ ಇಲ್ಲದೆ ಹುಟ್ಟುವ ಒಂಟಿತನ ಒಂದು. ನಮ್ಮಂತೆಯೇ ಬದುಕುವ, ನಮ್ಮ ಕೆಲಸದಲ್ಲೇ ತೊಡಗಿರುವ ಬಳಗವಿಲ್ಲದೆ ಹುಟ್ಟುವುದು ಇನ್ನೊಂದು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ ಎಂಬುದು ಅವರ ವಾದ. ದೂರಶಿಕ್ಷಣದ ವಿದ್ಯಾರ್ಥಿಗೆ ಕಾಡುವುದು ಬಹುಮಟ್ಟಿಗೆ ಎರಡನೆಯದು. ಪ್ರೀತಿಸುವ ಗಂಡನೋ, ಹೆಂಡತಿಯೋ, ತಾಯಿಯೋ ಮನೆಯಲ್ಲೇ ಇರಬಹುದು. ಆದರೆ ಅರ್ಥಶಾಸ್ತ್ರದ ನಾಲ್ಕನೇ ಘಟಕ ಏಕೆ ತಲೆಗೆ ಹತ್ತುತ್ತಿಲ್ಲ ಎಂದು ಅವರ ಬಳಿ ಹೇಳಿಕೊಳ್ಳಲಾಗುವುದಿಲ್ಲ. ಆಫೀಸಿನಲ್ಲಿ ನೀವು ನೌಕರರು, ಮನೆಯಲ್ಲಿ ಸೊಸೆ ಅಥವಾ ಮಗ. ವಿದ್ಯಾರ್ಥಿ ಎಂದು ನಿಮ್ಮನ್ನು ನೋಡುವವರು ಮಾತ್ರ ಎಲ್ಲೂ ಇಲ್ಲ.

ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ. ಹದಿಹರೆಯದವರು ಮತ್ತು ಯುವಜನರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ರಾತ್ರಿ ಶಾಲೆಯಲ್ಲಿ ಇದ್ದದ್ದು, ಈಗ ಇಲ್ಲದ್ದು

ದುಡಿಯುತ್ತಾ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸತೇನಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದು ಹೋಟೆಲ್, ಕ್ಯಾಂಟೀನ್‌ಗಳಲ್ಲಿ ದುಡಿದ ಹುಡುಗರಿಗಾಗಿ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳೇ ಇದ್ದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್, ಬಂಟರ ಸಂಘ ಇಂಥ ಶಾಲೆಗಳನ್ನು ನಡೆಸಿದವು. ಹಗಲೆಲ್ಲ ಲೋಟ ತೊಳೆದು, ಸಂಜೆ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದ ಆ ಹುಡುಗರ ಕಷ್ಟ ಇಂದಿನ ದೂರಶಿಕ್ಷಣದ ವಿದ್ಯಾರ್ಥಿಗಿಂತ ಬಹಳ ಹೆಚ್ಚು. ಮಲಗಲು ಸರಿಯಾದ ಜಾಗವೂ ಇಲ್ಲದವರು ಅವರಲ್ಲಿ ಎಷ್ಟೋ ಜನ. ಆದರೆ ಅವರಿಗೆ ಪಕ್ಕದಲ್ಲಿ ಇನ್ನೊಬ್ಬ ಹುಡುಗ ಇದ್ದ. ಅವನೂ ಹೋಟೆಲಿನಿಂದಲೇ ಬಂದವನು, ಅವನ ಕಣ್ಣೂ ನಿದ್ದೆಗೆ ಎಳೆಯುತ್ತಿತ್ತು. ಮೇಷ್ಟರು ಹೆಸರು ಹಿಡಿದು ಹಾಜರಿ ಕರೆಯುತ್ತಿದ್ದರು.

ನಗರದ ಬಾಡಿಗೆ ಏರಿದಂತೆ ಕುಟುಂಬಗಳು ಡೊಂಬಿವಲಿ, ಕಲ್ಯಾಣ್ ಕಡೆ ಸರಿದವು. ಸಿಡ್ಕೊ ಕಟ್ಟಿದ ನವಿ ಮುಂಬಯಿಗೂ ಬಹಳ ಮಂದಿ ಹೋದರು. ಸಿಎಸ್‌ಎಂಟಿಯಿಂದ ಡೊಂಬಿವಲಿಗೆ ಸುಮಾರು 48 ಕಿಲೋಮೀಟರ್. ಕೆಲಸ ಮುಗಿಸಿ, ಕೋಟೆ ಪ್ರದೇಶದಲ್ಲಿ ರಾತ್ರಿ ತರಗತಿಗೆ ಕೂತು, ಆಮೇಲೆ ಅಷ್ಟು ದೂರ ಮರಳುವುದು ಆಗದ ಮಾತು. ಇಂಥವರಿಗೆ ಅಂಚೆ ಶಿಕ್ಷಣವೇ ಹೊಂದುತ್ತಿತ್ತು. ಮುಂಬಯಿ ವಿಶ್ವವಿದ್ಯಾಲಯ 1971ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. 'ಐಡಾಲ್' ಎಂದು ಹೆಸರಾದ ಆ ಸಂಸ್ಥೆಗೆ ಈಗ ದೂರ ಮತ್ತು ಆನ್‌ಲೈನ್ ಶಿಕ್ಷಣ ಕೇಂದ್ರ ಎಂದು ಹೆಸರು. 1985ರಲ್ಲಿ ಇಗ್ನೋ, 1989ರಲ್ಲಿ ನಾಸಿಕ್‌ನ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಬಂದವು. ಓದು ಮನೆ ಬಾಗಿಲಿಗೆ ಬಂತು, ಪಕ್ಕದ ಬೆಂಚಿನ ಹುಡುಗ ಮಾತ್ರ ಬರಲಿಲ್ಲ. ಈಗಿನ ವಿದ್ಯಾರ್ಥಿ ಆ ಜೊತೆಗಾರನನ್ನು ತಾನೇ ಹುಡುಕಿಕೊಳ್ಳಬೇಕು.

ಅಸೈನ್‌ಮೆಂಟನ್ನು ಕಾಪಿ ಮಾಡಿದರೆ ಏನು ನಷ್ಟ?

ದೂರಶಿಕ್ಷಣದ ಇತಿಹಾಸ ಹೇಳುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಐಸಾಕ್ ಪಿಟ್ಮನ್‌ನಿಂದ ಆರಂಭಿಸುತ್ತಾರೆ. 1840ರಲ್ಲಿ ಆತ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸಿದ. ವಿದ್ಯಾರ್ಥಿಗಳು ಪಾಠವನ್ನು ಶೀಘ್ರಲಿಪಿಯಲ್ಲಿ ಬರೆದು ಕಳಿಸಬೇಕು, ಆತ ತಿದ್ದಿ ಮರಳಿಸಬೇಕು. ಹಾಗೆ ತಿದ್ದಿ ಮರಳಿ ಬರುತ್ತಿದ್ದ ಕಾಗದವೇ ಅಲ್ಲಿ ಮೇಷ್ಟರು. ಅಮೆರಿಕದ ಶಿಕ್ಷಣತಜ್ಞ ಮೈಕೆಲ್ ಮೂರ್ 1970ರ ದಶಕದಿಂದ ಬೆಳೆಸಿದ ಸಿದ್ಧಾಂತವೂ ಇದನ್ನೇ ಹೇಳುತ್ತದೆ. ದೂರಶಿಕ್ಷಣದಲ್ಲಿ ದೂರ ಎಂದರೆ ಕಿಲೋಮೀಟರ್ ಅಲ್ಲ, ಕಲಿಸುವವರಿಗೂ ಕಲಿಯುವವರಿಗೂ ನಡುವೆ ಮಾತುಕತೆ ಎಷ್ಟು ಕಡಿಮೆಯೋ ದೂರ ಅಷ್ಟು ಹೆಚ್ಚು.

ಇಗ್ನೋದ ಹೆಚ್ಚಿನ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟಿಗೆ ಶೇ. 30, ಅಂತಿಮ ಪರೀಕ್ಷೆಗೆ ಶೇ. 70 ತೂಕವಿದೆ. ಹೀಗಾಗಿ ಎಲ್ಲರೂ ಅಸೈನ್‌ಮೆಂಟನ್ನು ಅಂಕದ ಲೆಕ್ಕದಲ್ಲೇ ನೋಡುತ್ತಾರೆ. ದುಡ್ಡು ಕೊಟ್ಟರೆ ಸಿದ್ಧ ಉತ್ತರಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಕೈಬರಹದಲ್ಲೇ ಬರೆದುಕೊಡುವವರೂ ಇದ್ದಾರೆ. ಇದು ನಿಯಮಕ್ಕೆ ವಿರುದ್ಧ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಇಡೀ ವರ್ಷದಲ್ಲಿ ಒಬ್ಬ ಅಧ್ಯಾಪಕರು ನಿಮ್ಮ ಬರಹ ಓದಿ, ಅಂಚಿನಲ್ಲಿ ಎರಡು ಸಾಲು ಬರೆಯುವ ಅವಕಾಶ ಇದೊಂದೇ. ಬೇರೆಯವರ ಉತ್ತರ ಕೊಟ್ಟರೆ ಆ ಟಿಪ್ಪಣಿಯೂ ಬೇರೆಯವರಿಗೇ ಸೇರಿದ್ದು.

ನಿಮ್ಮದೇ ಉತ್ತರ ಬರೆಯಿರಿ, ತಪ್ಪಾದರೂ ಪರವಾಗಿಲ್ಲ. ಕೊನೆಯ ದಿನಕ್ಕಿಂತ ಮೊದಲೇ ಕೊಡಿ. ಮೌಲ್ಯಮಾಪನ ಮಾಡಿದ ಪ್ರತಿಯನ್ನು ಅಧ್ಯಯನ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಟಿಪ್ಪಣಿಗಳು ಬರೀ 'ಗುಡ್' ಎಂದಷ್ಟೇ ಇರುವುದೂ ಉಂಟು. ಆಗ ಕೇಂದ್ರದಲ್ಲಿ ಸಮಾಲೋಚಕರು ಬರುವ ದಿನ ಕೇಳಿಕೊಂಡು, ಉತ್ತರ ಪತ್ರಿಕೆ ಹಿಡಿದುಕೊಂಡೇ ಹೋಗಿ, ಎಲ್ಲಿ ಸುಧಾರಿಸಬೇಕು ಎಂದು ಕೇಳಬಹುದು.

ಭಾನುವಾರದ ಸಂಪರ್ಕ ತರಗತಿ

ಇಗ್ನೋದಲ್ಲಿ ಥಿಯರಿ ವಿಷಯಗಳ ಸಮಾಲೋಚನಾ ತರಗತಿಗೆ ಹಾಜರಿ ಕಡ್ಡಾಯವಲ್ಲ, ಪ್ರಾಯೋಗಿಕ ವಿಷಯಗಳಿಗೆ ಕಡ್ಡಾಯ. ಕಡ್ಡಾಯವಲ್ಲ ಎಂದ ತಕ್ಷಣ ಹೆಚ್ಚಿನವರು ಹೋಗುವುದನ್ನೇ ಬಿಡುತ್ತಾರೆ. ವಾರಕ್ಕೆ ಸಿಗುವುದು ಒಂದು ರಜೆ, ಅಂದೂ ಲೋಕಲ್ ಹತ್ತಬೇಕೆ ಎಂಬ ಬೇಸರ ಅರ್ಥವಾಗುವಂಥದ್ದು. ಮೇಲಾಗಿ ಮಧ್ಯ ರೈಲ್ವೆಯಲ್ಲಿ ಭಾನುವಾರವೇ ಮೆಗಾಬ್ಲಾಕ್.

ಹಾಗಿದ್ದರೂ ವರ್ಷದ ಮೊದಲ ಒಂದೆರಡು ತರಗತಿಗಳಿಗೆ ಹೋಗಲೇಬೇಕು. ಪಾಠಕ್ಕಿಂತ ಮುಖ್ಯವಾಗಿ, ಅಲ್ಲಿ ನಿಮ್ಮದೇ ಕೋರ್ಸ್, ನಿಮ್ಮದೇ ಲೈನಿನ ಒಬ್ಬರು ಸಿಗುವ ಸಾಧ್ಯತೆ ಇದೆ. ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣದ ಮುಖ್ಯ ಕಟ್ಟಡ ಇರುವುದು ಸಾಂತಾಕ್ರೂಜ್ ಪೂರ್ವದ ಕಾಲಿನಾ ವಿದ್ಯಾನಗರಿಯಲ್ಲಿ. ಡೊಂಬಿವಲಿ, ಕಲ್ಯಾಣ್‌ನಿಂದ ಹೋಗುವವರೂ ವಾಶಿ ಕಡೆಯಿಂದ ಹೋಗುವವರೂ ಕುರ್ಲಾದಲ್ಲಿ ಇಳಿದು ಬಸ್ಸು ಅಥವಾ ರಿಕ್ಷಾ ಹಿಡಿಯಬಹುದು. ಮರಳುವಾಗ ಕುರ್ಲಾವರೆಗೆ ಜೊತೆಯಾಗಿ ಬಂದವರ ಜೊತೆ ಬೆಳೆಯುವ ಪರಿಚಯ ತರಗತಿಯೊಳಗೆ ಬೆಳೆಯುವುದು ಕಷ್ಟ. ಅದೇ ವಿದ್ಯಾನಗರಿ ಆವರಣದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇದೆ. ಅಲ್ಲಿ ನಡೆಯುವ ಪುಸ್ತಕ ಬಿಡುಗಡೆ, ಉಪನ್ಯಾಸಗಳಿಗೆ ಹೊರಗಿನವರೂ ಬರುತ್ತಾರೆ.

ಜೊತೆಗಾರರು ಎಂದರೆ ಹತ್ತು ಜನ ಬೇಕಿಲ್ಲ, ಒಬ್ಬರು ಸಾಕು. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹದಿನೈದು ನಿಮಿಷ ಫೋನ್. ಎಷ್ಟು ಓದಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂಬ ಎರಡೇ ಪ್ರಶ್ನೆ. ಆ ವಾರ ಏನೂ ಓದಿರದಿದ್ದರೂ ಫೋನ್ ತಪ್ಪಿಸುವಂತಿಲ್ಲ ಎಂಬ ಒಪ್ಪಂದ ಇರಲಿ. ಓದದ ನಾಚಿಕೆಯಿಂದಲೇ ಎಷ್ಟೋ ಜನ ದೂರವಾಗುತ್ತಾರೆ.

ಅಭ್ಯಾಸಿಕಾ ಎಂಬ ಅನುಕೂಲ

ಮನೆಯಲ್ಲಿ ಟಿವಿ, ಮಕ್ಕಳು, ಕುಕ್ಕರ್ ಸೀಟಿ. ಅಡುಗೆಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ದೀಪ ಹಾಕಿಕೊಂಡು ಓದುವವರು ಈ ಭಾಗದಲ್ಲಿ ಸಾವಿರಾರು ಜನ ಇದ್ದಾರು. ರಾತ್ರಿ ಹನ್ನೊಂದರ ನಂತರದ ಈ ಓದೇ ಒಂಟಿತನವನ್ನು ಹೆಚ್ಚು ಮಾಡುವಂಥದ್ದು. ದೇಹ ಸೋತಿರುತ್ತದೆ, ಮಾತಾಡಲು ಯಾರೂ ಎಚ್ಚರವಿರುವುದಿಲ್ಲ, ಒಂದು ಪುಟ ಅರ್ಥವಾಗದಿದ್ದರೂ ತನ್ನಿಂದಾಗದು ಅನಿಸಿಬಿಡುತ್ತದೆ.

ಇದಕ್ಕೆ ಠಾಣೆ ಜಿಲ್ಲೆಯಲ್ಲೂ ಸಿಗುವ ಒಂದು ವ್ಯವಸ್ಥೆ ಇದೆ. ಮರಾಠಿಯಲ್ಲಿ ಅದಕ್ಕೆ 'ಅಭ್ಯಾಸಿಕಾ' ಎನ್ನುತ್ತಾರೆ. ಓದಲೆಂದೇ ಇರುವ ಕೋಣೆ, ಸಾಲಾಗಿ ಮೇಜು, ಫ್ಯಾನು, ಚಾರ್ಜಿಂಗ್ ಪಾಯಿಂಟ್. ಕೆಲವನ್ನು ಪಾಲಿಕೆ, ಗ್ರಂಥಾಲಯ, ಟ್ರಸ್ಟ್‌ಗಳು ನಡೆಸುತ್ತವೆ, ಕೆಲವು ಖಾಸಗಿಯವು ತಿಂಗಳ ಬಾಡಿಗೆ ಪಡೆಯುತ್ತವೆ. ಸ್ಪರ್ಧಾತ್ಮಕ ಪರೀಕ್ಷೆ, ಸಿಎ ಪರೀಕ್ಷೆಗೆ ಓದುವವರೇ ಅಲ್ಲಿ ಜಾಸ್ತಿ. ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಆದರೂ ಅಲ್ಲಿ ಕೂತಾಗ ಓದು ಸಾಗುತ್ತದೆ, ಏಕೆಂದರೆ ಸುತ್ತಲಿನ ಎಲ್ಲರೂ ಅದೇ ಕೆಲಸದಲ್ಲಿರುತ್ತಾರೆ. ಟೀ ಕುಡಿಯಲು ಹೊರಗೆ ಬಂದಾಗ ಮಾತು ತಾನಾಗಿ ಶುರುವಾಗುತ್ತದೆ. ವಾರದಲ್ಲಿ ಎರಡು ಸಂಜೆ ಹೋದರೂ ಪ್ರಯೋಜನವಿದೆ. ಹೆಣ್ಣುಮಕ್ಕಳು ಸೇರುವ ಮೊದಲು ಮುಚ್ಚುವ ಸಮಯ, ಸ್ಟೇಷನ್ನಿನಿಂದ ದೂರ, ಪ್ರತ್ಯೇಕ ಸಾಲು ಇದೆಯೇ ಎಂದು ಒಮ್ಮೆ ನೋಡಿಕೊಂಡು ಬರುವುದು ಒಳ್ಳೆಯದು.

ಹಳೆಯ ಗ್ರಂಥಾಲಯಗಳೂ ಇವೆ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರಷ್ಟು ಹಿಂದಿನದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು. ಇನ್ನು ಕನ್ನಡ ಸಂಘಗಳು. ಮಂಜುನಾಥ ವಿದ್ಯಾಲಯ ನಡೆಸುವ ಡೊಂಬಿವಲಿ ಕರ್ನಾಟಕ ಸಂಘ, ಠಾಣೆಯ ನವೋದಯ ಕನ್ನಡ ಸೇವಾ ಸಂಘ, ವಾಶಿಯ ನವಿ ಮುಂಬಯಿ ಕನ್ನಡ ಸಂಘ ಈ ಭಾಗದಲ್ಲಿ ಹೆಸರು ಮಾಡಿದವು. ಯಕ್ಷಗಾನ, ರಾಜ್ಯೋತ್ಸವ, ಸನ್ಮಾನಗಳಿಗೆ ನಮ್ಮ ಸಂಘಗಳಲ್ಲಿ ಸಿಗುವ ಉತ್ಸಾಹದಲ್ಲಿ ಒಂದು ಪಾಲು, ತಿಂಗಳಿಗೊಂದು ಭಾನುವಾರ ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಒಂದು ಕೋಣೆ ತೆರೆದಿಡುವುದಕ್ಕೂ ಸಿಕ್ಕರೆ ಖರ್ಚೇನೂ ಆಗದು. ಒಂದು ಕಾಲದಲ್ಲಿ ರಾತ್ರಿ ಶಾಲೆಗಳನ್ನೇ ನಡೆಸಿದ ಸಮಾಜಕ್ಕೆ ಇದು ದೊಡ್ಡ ಕೆಲಸವಲ್ಲ. ಕೇಳಿಕೊಂಡು ಹೋಗುವ ನಾಲ್ಕು ವಿದ್ಯಾರ್ಥಿಗಳು ಬೇಕು, ಅಷ್ಟೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಕಲಬುರಗಿ, ವಿಜಯಪುರ, ಉಡುಪಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಇಲ್ಲಿಗೆ ಬಂದವರಿಗೆ ಇನ್ನೊಂದು ತೊಡಕಿದೆ. ಇಗ್ನೋದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಇಲ್ಲಿನ ರಾಜ್ಯ ವಿಶ್ವವಿದ್ಯಾಲಯಗಳವು ಇಂಗ್ಲಿಷ್ ಮತ್ತು ಮರಾಠಿಯಲ್ಲಿ. ಓದುವ ಭಾಷೆ, ಬೀದಿಯ ಭಾಷೆ, ಮನೆಯ ಭಾಷೆ ಮೂರೂ ಬೇರೆ ಬೇರೆ.

ಊರಿನ ವಿಶ್ವವಿದ್ಯಾಲಯದಲ್ಲೇ ಕನ್ನಡದಲ್ಲಿ ಓದೋಣ ಎಂದುಕೊಳ್ಳುವವರು ಗಮನಿಸಬೇಕಾದ ನಿಯಮವೊಂದಿದೆ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಸೇರಿದಂತೆ ರಾಜ್ಯ ವಿಶ್ವವಿದ್ಯಾಲಯಗಳು ದೂರಶಿಕ್ಷಣ ಕೋರ್ಸ್‌ಗಳನ್ನು ತಮ್ಮ ರಾಜ್ಯದ ವ್ಯಾಪ್ತಿಯೊಳಗೇ ನಡೆಸಬೇಕು. ಪೂರ್ಣ ಆನ್‌ಲೈನ್ ಕೋರ್ಸ್‌ಗಳಿಗೆ ಈ ಗಡಿ ಇಲ್ಲ. ಯುಜಿಸಿಯ 2020ರ ನಿಯಮಾವಳಿ ಹೇಳುವುದು ಹೀಗೆ. ಆದ್ದರಿಂದ ಡೊಂಬಿವಲಿಯಲ್ಲೋ ವಾಶಿಯಲ್ಲೋ 'ಬ್ರಾಂಚ್' ಇದೆ ಎಂದು ಹೇಳಿ ಬೇರೆ ರಾಜ್ಯದ ವಿಶ್ವವಿದ್ಯಾಲಯದ ಹೆಸರಲ್ಲಿ ದುಡ್ಡು ಕೇಳುವವರ ಬಗ್ಗೆ ಎಚ್ಚರ. ಯಾವ ವಿಶ್ವವಿದ್ಯಾಲಯಕ್ಕೆ ಯಾವ ಕೋರ್ಸ್‌ಗೆ ಅನುಮತಿ ಇದೆ ಎಂಬುದು ಯುಜಿಸಿಯ ದೂರಶಿಕ್ಷಣ ಬ್ಯೂರೊದ ವೆಬ್‌ಸೈಟ್‌ನಲ್ಲಿ ಇರುತ್ತದೆ, ಸೇರುವ ಮೊದಲು ಅದನ್ನು ನೋಡಿ. ಒಬ್ಬರೇ ಓದುವವರು ಇಂಥ ಮೋಸಕ್ಕೆ ಬೇಗ ಸಿಗುತ್ತಾರೆ, ವಿಚಾರಿಸಲು ಅವರಿಗೆ ಸಹಪಾಠಿಗಳು ಇರುವುದಿಲ್ಲವಲ್ಲ.

ಇಂಗ್ಲಿಷಿನಲ್ಲೇ ಓದಬೇಕಾಗಿ ಬಂದರೆ, ಒಂದು ಘಟಕ ಓದಿದ ಮೇಲೆ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಐದು ನಿಮಿಷ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಊರಲ್ಲಿರುವ ತಂಗಿಗೋ ಗೆಳತಿಗೋ ಕಳಿಸಿ. ಅವರಿಗೆ ಅರ್ಥವಾಗದ ಕಡೆಯೇ ನಿಮಗೂ ಸರಿಯಾಗಿ ಅರ್ಥವಾಗಿರುವುದಿಲ್ಲ. ಲೋಕಲ್‌ನಲ್ಲಿ ಅದನ್ನೇ ಮತ್ತೆ ಕೇಳಿಸಿಕೊಳ್ಳಬಹುದು. ದಿನವೂ ಒಂದೇ ಬೋಗಿಯಲ್ಲಿ ಭಜನೆ ಹಾಡುವವರು, ಸಂಜೆಯ ತರಕಾರಿ ಹೆಚ್ಚುವ ಹೆಂಗಸರು ಇರುವ ರೈಲಿನಲ್ಲಿ ನೀವು ಪಾಠ ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪುಸ್ತಕ ಕಂಡು 'ಏನು ಓದುತ್ತಿದ್ದೀರಿ' ಎಂದು ಕೇಳುವವರು ಸಿಕ್ಕರೆ ಸಂಕೋಚಪಡದೆ ಹೇಳಿ. ನೀವು ಓದುತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗುವುದೇ ಇಲ್ಲಿ ಬೇಕಾದದ್ದು.

ವಾಟ್ಸ್‌ಆ್ಯಪ್ ಗುಂಪು ಸಾಕೆ?

ಹೆಚ್ಚಿನ ಕೋರ್ಸ್‌ಗಳಿಗೆ ವಿದ್ಯಾರ್ಥಿಗಳೇ ಮಾಡಿಕೊಂಡ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿವೆ. ದಿನಾಂಕ, ಹಾಲ್ ಟಿಕೆಟ್, ಹಳೆಯ ಪ್ರಶ್ನೆಪತ್ರಿಕೆಗೆ ಇವು ಉಪಯುಕ್ತ. ಆದರೆ ಪರೀಕ್ಷೆ ಹತ್ತಿರ ಬಂದಾಗ ವದಂತಿ, ಗಾಬರಿ ಎರಡೂ ಇಲ್ಲಿಂದಲೇ ಹಬ್ಬುತ್ತವೆ. 'ನಂದು ಎರಡು ಸಲ ರಿವಿಷನ್ ಆಯ್ತು' ಎಂಬ ಒಂದು ಮೆಸೇಜ್ ರಾತ್ರಿ ಹನ್ನೆರಡಕ್ಕೆ ಕಂಡರೆ ಸಾಕು, ಇದ್ದ ಧೈರ್ಯವೂ ಹೋಗುತ್ತದೆ. ದಿನಾಂಕಗಳನ್ನು ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲೇ ಖಚಿತಪಡಿಸಿಕೊಳ್ಳಿ. ಐನೂರು ಜನರ ಗುಂಪನ್ನು ಮ್ಯೂಟ್ ಮಾಡಿ, ಅದರಲ್ಲಿ ಹಿಡಿಸಿದ ಮೂವರದ್ದೊಂದು ಸಣ್ಣ ಗುಂಪು ಮಾಡಿಕೊಳ್ಳಿ.

ಮನೆಯವರು ಏನು ಮಾಡಬಹುದು?

ಪಾಠ ಹೇಳಿಕೊಡುವುದು ಮನೆಯವರ ಕೆಲಸವಲ್ಲ. ಪರೀಕ್ಷೆಯ ದಿನಾಂಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಾಗಿರಲಿ, ಆ ವಾರ ನೆಂಟರನ್ನು ಕರೆಯದಿರಲಿ. 'ಈ ವಯಸ್ಸಿನಲ್ಲಿ ಡಿಗ್ರಿ ಯಾಕೆ' ಎಂಬ ತಮಾಷೆ ಬೇಡ. ದೂರಶಿಕ್ಷಣದ ಪದವಿಗೆ ಬೆಲೆ ಇಲ್ಲ ಎಂಬ ಮಾತೂ ಈಗ ಸಲ್ಲದು. ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಒಂದು ವರ್ಷ ತಪ್ಪಿಹೋದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಇಗ್ನೋದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ ಮುಗಿಸಬಹುದು, ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ವರ್ಷಕ್ಕೆ ಎರಡು ಬಾರಿ ನಡೆಯುತ್ತವೆ. ಓದು ನಿಲ್ಲಿಸಿದವರು ಮೊದಲು ತಮ್ಮ ನೋಂದಣಿಯ ಅವಧಿ ಇನ್ನೂ ಉಳಿದಿದೆಯೇ ಎಂದು ನೋಡಿಕೊಳ್ಳಲಿ. ಈ ಹುಡುಕಾಟವನ್ನು ಮನೆಯ ಒಬ್ಬರು ಪಕ್ಕದಲ್ಲಿ ಕೂತು ಮಾಡಿಕೊಟ್ಟರೂ ದೊಡ್ಡ ಸಹಾಯ.

ಒಂಟಿತನ ದಾಟಿ ಖಿನ್ನತೆ ಆದಾಗ

ಓದಲು ಜೊತೆ ಇಲ್ಲದ ಬೇಸರ ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಿದ್ದ ಯಾವುದೂ ಬೇಡವಾದರೆ, ನಿದ್ದೆ, ಊಟ ಕೆಟ್ಟರೆ, ತಾನು ಯಾರಿಗೂ ಬೇಡದವ ಅನಿಸತೊಡಗಿದರೆ ಟೈಮ್‌ಟೇಬಲ್ ಬದಲಿಸಿ ಪ್ರಯೋಜನವಿಲ್ಲ. ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ, ಅಂದೇ ಮನೆಯವರಿಗೆ ಹೇಳಿ, ಸಹಾಯವಾಣಿಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಶುಲ್ಕವಿಲ್ಲ. ಕರೆ ಮಾಡಿದ ಮೇಲೆ ಭಾಷೆ ಆಯ್ದುಕೊಳ್ಳುವ ವ್ಯವಸ್ಥೆ ಇದೆ, ಅದರಲ್ಲಿ ಕನ್ನಡವೂ ಸೇರಿದೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2012ರಿಂದ 'ಐಕಾಲ್' ಹೆಸರಿನಲ್ಲಿ ಫೋನ್ ಮೂಲಕ ಆಪ್ತ ಸಮಾಲೋಚನೆ ನಡೆಸುತ್ತಿದೆ, ಅದರ ಸಂಖ್ಯೆ 9152987821. ಕರೆ ಮಾಡಿದಾಗ ಏನು ಹೇಳುವುದು ಎಂದು ಹಿಂಜರಿಯುವವರು ಬಹಳ. 'ಓದಲು ಕೂತರೆ ಅಳು ಬರುತ್ತದೆ' ಎಂದಷ್ಟೇ ಹೇಳಿದರೂ ಸಾಕು, ಉಳಿದದ್ದನ್ನು ಅವರೇ ಒಂದೊಂದಾಗಿ ಕೇಳುತ್ತಾರೆ.